ಮೂರನೇ ಕಾಲು ತೆಗೆಯುವ ಕೊಂಡಪ್ಪ

ಕುಣಿಯಲಾರದ ನವಿಲು ಮೂರನೇ ಕಾಲು ಕೊಡಿ ಎಂದಿತಂತೆ. ಗಾದೆ ಹೀಗಿಲ್ಲವಲ್ಲ ಎಂದು ತಕರಾರು ತೆಗೆಯುವವರು ತೆಗೆಯಲಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುವುದು ಹಳೆಯ ಮಾತು. ಇಲ್ಲಿ ಗಾದೆ ಸುಳ್ಳು, ಕತೆ ಮಾತ್ರ ನಿಜ.

"ಇನ್ನೊಂಚೂರು ಮೇಲಕ್ಕೆ ಎಳಿಯೋ ವಸಂತಾ, ಮಾವನ ಗಲ್ಲ ಚರಂಡಿಗೆ ತಾಗ್ತೈತೆ!"

ದಪ್ಪ ಮೀಸೆಯ ನರೇಶ್ ಬೀದಿಯ ನಡುವೆ ನಿಂತು ಕೂಗುತ್ತಿದ್ದ. ಒಂದು ಕೈಯಲ್ಲಿ ಫೋನು ಕಿವಿಗೆ ಒತ್ತಿತ್ತು. ಇನ್ನೊಂದು ಕೈ, ಬೋಳುತಲೆಯ ಮೇಲೆ ಅಡ್ಡಕ್ಕೆ ಬಾಚಿದ ಮೂರೆಳೆ ಕೂದಲನ್ನು ಗಾಳಿಯಿಂದ ಕಾಪಾಡುತ್ತಿತ್ತು. ಕರೆಂಟು ಕಂಬಕ್ಕೆ ಏಣಿ ಹಾಕಿ ನಿಂತಿದ್ದ ಅವನ ಅಂಗಡಿಯ ವಸಂತ್ ಹಗ್ಗ ಜಗ್ಗಿದ. ಹತ್ತಡಿ ಎತ್ತರದ ಶ್ರದ್ಧಾಂಜಲಿ ಫ್ಲೆಕ್ಸು ಮಡಿಕೆ ಬಿಚ್ಚಿಕೊಂಡು ಬೀದಿಗೆ ಮುಖ ತೋರಿಸಿತು.

ಜಗಲಿಯ ಮೇಲೆ ಗಂಡನ ಹೆಣದ ಪಕ್ಕ ಕೂತಿದ್ದ ಅಕ್ಕಯಮ್ಮ ತಲೆಯೆತ್ತಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು.

"ಇದ್ಯಾರಪ್ಪಾ?"

"ಮಾವನೇ ಅತ್ತೆ."

"ಯಾರ ಮಾವ?"

ಫ್ಲೆಕ್ಸಿನಲ್ಲಿದ್ದವನಿಗೆ ನಲವತ್ತು ವರ್ಷ ಇದ್ದೀತು. ಕಾಡಿಗೆಯಂಥ ಕ್ರಾಪು, ಎಣ್ಣೆ ಸವರಿದ ಬದನೆಕಾಯಿಯ ಹಾಗೆ ಮಿರುಗುವ ಕೆನ್ನೆ, ಭುಜದ ಮೇಲೆ ಜರಿ ಶಾಲು. ಕೆಳಗೆ ಮಲಗಿದ್ದ ಕೊಂಡಪ್ಪನಿಗೆ ಅರವತ್ತೊಂಬತ್ತು. ಜೀವಮಾನವೆಲ್ಲ ಭೂತಗನ್ನಡಿಯಲ್ಲಿ ಗ್ರಾಫಿನ ಚೌಕ ನೋಡಿ ನೋಡಿ ಬಲಗಣ್ಣು ಅರ್ಧ ಮುಚ್ಚಿಯೇ ಹೋಗಿತ್ತು. ಫ್ಲೆಕ್ಸಿನವನು ಎರಡೂ ಕಣ್ಣು ಅಗಲಿಸಿ ಬೀದಿಗೆಲ್ಲ ನಮಸ್ಕಾರ ಮಾಡುತ್ತಿದ್ದ.

"ಆಧಾರ್ ಕಾರ್ಡಿನ ಫೋಟೋ ಮಸುಕಾಗಿತ್ತು ಅತ್ತೆ. ಎಐಗೆ ಹಾಕಿ ಕ್ಲಿಯರ್ ಮಾಡಿಸ್ದೆ."

"ಕ್ಲಿಯರ್ ಮಾಡಿಸ್ದ್ಯೋ, ಆಳನ್ನೇ ಬದಲಾಯಿಸ್ಬಿಟ್ಯೋ? ಆ ಬಲಗೈ ನೋಡು. ಬೆರಳು ಎಣಿಸು."

ನರೇಶ್ ಎಣಿಸಿದ. ಇನ್ನೊಮ್ಮೆ ಎಣಿಸಿದ. ಫೋನಿನಲ್ಲಿದ್ದವರಿಗೆ "ಬಾಸ್, ಆಮೇಲೆ ಮಾಡ್ತೀನಿ" ಎಂದ.

"ನಲವತ್ತೈದು ವರ್ಷ ಐದೇ ಬೆರಳಲ್ಲಿ ಬರೆದ್ರು ಕಣಪ್ಪ ಅವರು. ಸತ್ತ ಮೇಲೆ ಒಂದು ಎಕ್ಸ್ಟ್ರಾ ಕೊಡಿಸ್ದಾ?"

"ಆರನೇದು ಮೌಸ್ ಹಿಡಿಯಕ್ಕೆ ಇರಬೇಕು, ತಂಗೀ," ಎಂದರು ಎದುರಿನ ಕಲ್ಲಿನ ಮೇಲೆ ಕೂತಿದ್ದ ನೂರ್ ಅಹಮದ್.

ಬೇರೆ ಯಾರಾದರೂ ಹೆಣದ ಮುಂದೆ ಹೀಗೆ ಮಾತಾಡಿದ್ದರೆ ಬೈಸಿಕೊಳ್ಳುತ್ತಿದ್ದರು. ನೂರಣ್ಣನಿಗೆ ಆ ಹಕ್ಕಿತ್ತು. ಕೊಂಡಪ್ಪ ಗ್ರಾಫ್ ಹಾಳೆಯ ಮೇಲೆ ಸೀರೆಯ ಅಂಚು ಬರೆದರೆ, ಅದನ್ನು ನೋಡಿ ಮಗ್ಗದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದವರು ನೂರ್ ಅಹಮದ್. ದೊಡ್ಡಬಳ್ಳಾಪುರದಲ್ಲಿ ಮೂವತ್ತು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದೇ ಟ್ಯೂಬ್‌ಲೈಟಿನ ಕೆಳಗೆ, ಒಬ್ಬರನ್ನೊಬ್ಬರು ಬೈದುಕೊಂಡು ಬಾಳಿದ್ದರು.

"ತಮಾಷೆ ಸಾಕು. ಬಟ್ಟೆ ತನ್ನಿ, ಹೊತ್ತಾಗ್ತೈತೆ," ಎಂದರು ಪಕ್ಕದ ಮಧುರೆಯಿಂದ ಬಂದಿದ್ದ ಆದಿನಾರಾಯಣಪ್ಪ. ಕೊಂಡಪ್ಪನ ದಾಯಾದಿಗಳಲ್ಲಿ ಹಿರಿಯರು. ಸಾವಿನ ಮನೆಯಲ್ಲಿ ಅವರದೇ ಕಾನೂನು.

ಅಲ್ಲಿಂದ ನಿಜವಾದ ತಲೆನೋವು ಶುರುವಾಯಿತು.

ಆ ಬೀದಿಯಲ್ಲೊಂದು ಪದ್ಧತಿ. ಹೋದವರ ಮೇಲೆ ಅವರ ಕಸುಬನ್ನೇ ಹೊದಿಸಿ ಕಳಿಸಬೇಕು. ನೇಯ್ದವನಿಗೆ ಅವನ ಮಗ್ಗದಿಂದ ಇಳಿದದ್ದು, ಬಣ್ಣ ಹಾಕಿದವನಿಗೆ ಅವನು ಅದ್ದಿದ ನೂಲಿನದು. ಒಮ್ಮೆಯೂ ಉಟ್ಟಿರಬಾರದು, ಮಡಿಕೆ ಮುರಿದಿರಬಾರದು.

"ಇವನು ಬರೆದಿದ್ದೆಲ್ಲ ಸೀರೆ ಅಂಚು. ಗಂಡಸಿನ ಮೇಲೆ ಸೀರೆ ಹೊದಿಸ್ತೀರಾ?"

"ಮತ್ತೇನು ಭಾವ, ಅವರೇನು ಲುಂಗಿಗೆ ನವಿಲು ಬರೀತಿದ್ರಾ?" ಅಕ್ಕಯಮ್ಮನ ದನಿ ಗಟ್ಟಿಯಾಯಿತು. "ಅವರ ಕೈಯಾರೆ ಬರೆದಿದ್ದು ಒಂದು ಹೂವಾದ್ರೂ ಅವರ ಎದೆ ಮೇಲೆ ಇರ್ಬೇಕು. ಇಲ್ಲಾಂದ್ರೆ ನಾನು ಎತ್ತಕ್ಕೆ ಬಿಡಲ್ಲ. ಹೇಳಿದೀನಿ."

"ನನ್ನ ಧಾರೆ ಸೀರೆ ಅಪ್ಪಂದೇ ಡಿಸೈನು," ಎಂದಳು ಮಗಳು ಚಂದನ.

"ಮುತ್ತೈದೆ ಉಟ್ಟಿದ್ದ ಧಾರೆ ಸೀರೆ ಹೆಣದ ಮೇಲಾ? ಬಾಯಿ ತೊಳ್ಕೊ ಹೋಗಮ್ಮ!" ಎಂದರು ಆದಿನಾರಾಯಣಪ್ಪ.

ಎಲ್ಲರೂ ನರೇಶನ ಕಡೆ ನೋಡಿದರು. ಅವನು ಕೊಂಡಪ್ಪನ ಅಕ್ಕನ ಮಗ, ಚಂದನಳ ಗಂಡ, ಮತ್ತು ನರೇಶ್ ಡಿಸೈನ್ ಸೆಂಟರಿನ ಮಾಲೀಕ.

"ಗೋಡೌನಲ್ಲಿ ಹೊಸ ಸೀರೆಗೇನು ಬರಾನಾ ಅತ್ತೆ? ರಾಶಿ ಐತೆ. ಆದ್ರೆ..."

"ಆದ್ರೆ?"

"ಎರಡು ವರ್ಷದಿಂದ ಎಲ್ಲಾ ಎಐ ಮಾಡಿದ್ದೇ. ಮಾವ ಬರೀ ಕರೆಕ್ಷನ್ ನೋಡ್ತಿದ್ರು."

"ಹೋಗ್ಲಿ, ಎರಡು ಟ್ರಂಕ್ ತುಂಬ ಹಳೇ ಗ್ರಾಫ್ ಇತ್ತಲ್ಲ. ಒಂದು ಹಾಳೆ ತಾ, ಅದನ್ನೇ ಎದೆ ಮೇಲೆ ಇಡ್ತೀನಿ."

ನರೇಶ್ ಫೋನು ನೋಡಿದ. ಫೋನು ಹೊಡೆದುಕೊಂಡಿರಲಿಲ್ಲ.

"ಸ್ಕ್ಯಾನ್ ಮಾಡ್ಕೊಂಡು ರದ್ದಿಗೆ ಹಾಕ್ಬಿಟ್ರು ಕಣಮ್ಮ," ಎಂದಳು ಚಂದನ.

"ಯಾರು?"

"ನಿನ್ನ ಮುದ್ದಿನ ಅಳಿಯ."

* * *

ಕೊಂಡಪ್ಪ ಹೂವು ಬರೆಯುತ್ತಿರಲಿಲ್ಲ, ಚೌಕ ತುಂಬುತ್ತಿದ್ದ. ಒಂದು ಚೌಕ ಅಂದರೆ ಒಂದು ಎಳೆ. ಕೆಂಪು ಮಸಿ ತುಂಬಿದ ಕಡೆ ಜರಿ ಮೇಲೆ ಬರುತ್ತದೆ, ಬಿಟ್ಟ ಕಡೆ ಕೆಳಗೆ ಹೋಗುತ್ತದೆ. ಒಂದು ಮಾವಿನಕಾಯಿಗೆ ನಾಲ್ಕು ಸಾವಿರ ಚೌಕ. ಅದರಲ್ಲಿ ಒಂದು ಸಾಲಿಗೆ ಜರಿ ಹಿಡಿದಿಡುವ ಕಟ್ಟು ಹಾಕದೆ ಬಿಟ್ಟರೆ ಸೀರೆಯ ಹಿಂಭಾಗದಲ್ಲಿ ಎಳೆ ಸಡಿಲವಾಗಿ ತೇಲುತ್ತದೆ. ಉಟ್ಟವಳ ಕಾಲುಂಗುರಕ್ಕೆ ಸಿಕ್ಕಿ, ಮದುವೆ ಮನೆಯಲ್ಲಿ ಮಾನ ಹೋಗುತ್ತದೆ.

"ಮೊದ್ಲು ಕಾಲುಂಗುರಕ್ಕೆ ಸಿಗಬಾರದು. ಚೆಂದ ಆಮೇಲೆ," ಎನ್ನುತ್ತಿದ್ದ.

ಆದರೂ ಚೆಂದಕ್ಕಾಗಿ ನಲ್ಲೂರಿನ ಹುಣಸೆ ತೋಪಿಗೆ ಹೋಗಿ ಇಡೀ ದಿನ ಕೂತು, ಒಂದು ಕಡ್ಡಿ ಚಿಗುರನ್ನು ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಬಂದವನು ಅವನೇ. ಆ ಡಬ್ಬಿಯಲ್ಲಿದ್ದ ಮುದ್ದೆಯನ್ನು ಏನು ಮಾಡಿದೆ ಎಂದು ನೂರ್ ಅಹಮದ್ ಕೇಳಿದರೆ, "ಕೋತಿಗೆ ಕೊಟ್ಟೆ. ಬದಲಿಗೆ ಅದು ಹೇಗೆ ಕೂತ್ಕೋತದೆ ಅಂತ ತೋರಿಸ್ತು" ಎಂದು ಬೆಂಚಿನ ಮೇಲೆ ಹಾಗೇ ಕೂತು ತೋರಿಸಿದ್ದ.

ಅದೊಂದು ಅವನ ಚಟ. ಯಾರನ್ನೇ ನೋಡಲಿ, ಹೊಸ್ತಿಲು ದಾಟುವಷ್ಟರಲ್ಲಿ ಅವರಾಗಿಬಿಡುತ್ತಿದ್ದ. ಸೀರೆ ವ್ಯಾಪಾರಿ ಹೊಟ್ಟೆ ಮುಂದೆ ಬಿಟ್ಟು ಕೆಮ್ಮುವುದು, ಬಸ್ ಸ್ಟ್ಯಾಂಡಿನ ಕಂಡಕ್ಟರು ಟಿಕೆಟ್ಟಿಗೆ ಎಂಜಲು ಹಚ್ಚುವುದು. ನಗು ಬರುತ್ತಿತ್ತು, ಬಂದ ಮೇಲೆ ನನ್ನನ್ನು ಹೇಗೆ ಮಾಡಿ ತೋರಿಸುತ್ತಾನೋ ಎಂಬ ದಿಗಿಲೂ ಬರುತ್ತಿತ್ತು. ನೂರ್ ಅಹಮದ್ ಒಮ್ಮೆ ಕೇಳಿಯೇ ಬಿಟ್ಟರು. "ನಿನ್ನನ್ನ ಮಾಡಲ್ಲ ಹೋಗೋ. ನೀನು ತೂತು ತಪ್ಪಾಗಿ ಹೊಡೆದ್ರೆ ನನ್ನ ಹಂಸಕ್ಕೆ ಮೊಸಳೆ ಬಾಯಿ ಬರ್ತದೆ" ಎಂದಿದ್ದ ಕೊಂಡಪ್ಪ.

* * *

"ಮಾವ, ಇಲ್ನೋಡಿ. 'ಕೊಂಡಪ್ಪ ಸ್ಟೈಲ್ ನವಿಲು' ಅಂತ ಕೇಳಿದ್ದಷ್ಟೇ. ಒಂದು ನಿಮಿಷಕ್ಕೆ ನಲವತ್ತು!"

ಎರಡು ವರ್ಷದ ಹಿಂದೆ ನರೇಶ್ ಹೊಸ ಕಂಪ್ಯೂಟರಿನ ಪರದೆಯನ್ನು ಮಾವನ ಕಡೆ ತಿರುಗಿಸಿದ್ದ. ಕೊಂಡಪ್ಪ ಬಲಗಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ.

"ನಲವತ್ತು ನವಿಲು. ನೂರಾ ಹತ್ತು ಕಾಲು."

"ಹೆಚ್ಚಿದ್ರೆ ತೆಗೀಬೋದಲ್ಲ ಮಾವ. ಕಮ್ಮಿ ಇದ್ರೆ ತಾನೇ ಕಷ್ಟ?"

ಅಂದಿನಿಂದ ಕೊಂಡಪ್ಪನ ಕಸುಬು ಕಾಲು ತೆಗೆಯುವುದಾಯಿತು. ನವಿಲಿನ ಮೂರನೇ ಕಾಲು, ಗಿಳಿಯ ಎರಡನೇ ಕೊಕ್ಕು, ಆನೆಯ ಹಿಂದಕ್ಕೂ ಬೆಳೆದ ಸೊಂಡಿಲು. ಜೊತೆಗೆ ಎಲ್ಲೆಲ್ಲಿ ಎಳೆ ತೇಲುತ್ತದೋ ಅಲ್ಲೆಲ್ಲ ಕಟ್ಟು. ನೂರ್ ಅಹಮದರ ತೂತಿನ ಕೆಲಸ, ಮಗ್ಗಕ್ಕೆ ರಟ್ಟಿನ ಬದಲು ಪೆನ್‌ಡ್ರೈವು ಬಂದಾಗಲೇ ಮುಗಿದಿತ್ತು. ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂರುತ್ತಿದ್ದರು.

"ಲೇ ನೂರ, ನನ್ನ ಹಕ್ಕಿಗಳನ್ನೇ ಅರೆದು, ಕಲಸಿ, ಉಂಡೆ ಕಟ್ಟಿ, ತಿನ್ನು ಮಾವ ಅಂತಾನಲ್ಲೋ."

"ಜಗಳ ಆಡು."

"ಯಾರ ಜೊತೆ? ಮಷೀನಿಗೆ ಬೈದ್ರೆ ಕ್ಷಮಿಸಿ ಅಂತದೆ. ಅಳಿಯನಿಗೆ ಬೈದ್ರೆ ಕಾಫಿ ತರಿಸ್ತಾನೆ. ಒಳ್ಳೇವ್ರ ಕಾಟ ತಡಿಯಕ್ಕಾಗಲ್ಲ ಕಣೋ."

ಆಮೇಲೆ ಕೊಂಡಪ್ಪ ಗೊಣಗುವುದನ್ನು ನಿಲ್ಲಿಸಿದ. ಒಂದು ದಿನ ನರೇಶ್ ಎಐ ಕೊಟ್ಟ ಹಂಸದ ಅಂಚನ್ನು ಸರಿಮಾಡಲು ಕೊಟ್ಟ. ಅರ್ಧ ದಿನದ ಕೆಲಸ. ಕೊಂಡಪ್ಪ ಒಂಬತ್ತು ದಿನ ತೆಗೆದುಕೊಂಡ. ಬಾಗಿಲ ಕಡೆ ಪರದೆಯ ಬೆನ್ನು ಮಾಡಿಕೊಂಡು, ಮೌಸಿನಲ್ಲಿ ಒಂದೊಂದೇ ಚೌಕ ಒತ್ತುತ್ತ ಕೂತ. ನೂರ್ ಅಹಮದ್ ಇಣುಕಲು ಹೋದರೆ, "ಬಾಣಂತಿ ಕೋಣೆಗೆ ಗಂಡಸರು ಬರಬಾರದು" ಎಂದು ಓಡಿಸಿದ.

"ಒಂದು ಹಂಸಕ್ಕೆ ಒಂಬತ್ತು ದಿನ ಏನ್ ಮಾಡಿದ್ರಿ ಮಾವ?"

"ಕಾಲು ನೀರೊಳಗೆ ಮುಳುಗಿದ್ವು ಕಣಪ್ಪ. ಹುಡುಕಬೇಕಾಯ್ತು."

ಆ ಹಂಸ ಹಾರಿತು. ಆಂಧ್ರದಿಂದ, ತಮಿಳುನಾಡಿನಿಂದ ಬೇಡಿಕೆ ಬಂದು, ಮೂವತ್ತು ಮಗ್ಗದಲ್ಲಿ ಅದೊಂದೇ ನೇಯ್ದರು. ಗೌರಿ ಹಬ್ಬಕ್ಕೆ ನರೇಶ್ ಬೀದಿಯ ಹೆಂಗಸರಿಗೆಲ್ಲ ಒಂದೊಂದು ಸೀರೆ ಹಂಚಿದ. ಬಂದವರಿಗೆಲ್ಲ ಮಾವನ ಮುಂದೆಯೇ ಹೇಳುತ್ತಿದ್ದ: "ಪ್ಯೂರ್ ಎಐ, ಬಾಸ್! ಇದು ಮನುಷ್ಯನ ತಲೆಗೆ ಹೊಳೆಯೋ ಐಟಮ್ಮಾ?"

"ಇಲ್ಲಪ್ಪ, ಮನುಷ್ಯನ ತಲೆಗೆಲ್ಲಿ ಹೊಳೀಬೇಕು," ಎಂದು ಕೊಂಡಪ್ಪ ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದ. ಟೀ ಲೋಟ ಅಲುಗಾಡುತ್ತಿತ್ತು. ಪಾಪ, ವಯಸ್ಸಾಯಿತು, ಕೈ ನಡುಗುತ್ತೆ ಎಂದುಕೊಂಡಿದ್ದಳು ಚಂದನ.

* * *

ಹನ್ನೆರಡಾಯಿತು. ಸತ್ತ ಮನೆಯ ಗೌರವಕ್ಕೆ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಆ ಮೌನಕ್ಕೆ ಅಭ್ಯಾಸವಿಲ್ಲದ ಜನ ಸುಮ್ಮಸುಮ್ಮನೆ ಜೋರಾಗಿ ಮಾತಾಡುತ್ತಿದ್ದರು.

ವಸಂತ್ ಗೋಡೌನಿನಿಂದ ಹತ್ತು ಸೀರೆ ತಂದು ಚಾಪೆಯ ಮೇಲೆ ಇಟ್ಟ. ಅಕ್ಕಯಮ್ಮ ಒಂದೊಂದನ್ನೂ ನೋಡಿ ಪಕ್ಕಕ್ಕೆ ತಳ್ಳಿದರು.

"ಇದು?"

"ಎಐ ಅತ್ತೆ."

"ಇದು?"

"ಅದೂ..."

"ಈ ಗಿಳಿ?"

"ಗಿಳಿ ಎಐ. ಕೊಕ್ಕು ಮಾವ."

"ಕೊಕ್ಕು ಬರೆದ್ರಾ?"

"ಇಲ್ಲ, ಎರಡಿತ್ತು. ಒಂದು ತೆಗೆದ್ರು."

ಅಕ್ಕಯಮ್ಮ ಸೀರೆಯನ್ನು ಚಾಪೆಯ ಮೇಲೆ ಕುಕ್ಕಿದರು. "ಊರವರ ಹಕ್ಕಿ ಕಾಲು ಕತ್ತರಿಸಿದ್ದೇ ನನ್ನ ಗಂಡನ ಕಸುಬು ಅಂತಾಯ್ತಲ್ಲ! ತೆಗೆದಿದ್ದನ್ನ ಹೆಂಗೋ ಹೊದಿಸ್ಲಿ ನಾನು? ಇಲ್ದೇ ಇರೋ ಕಾಲನ್ನ ಎಲ್ಲಿಂದ ತರ್ಲಿ?"

ನರೇಶ್ ಕಣ್ಣು ಒರೆಸಿಕೊಂಡ. ಮಾವನೆಂದರೆ ಅವನಿಗೆ ಪ್ರಾಣ; ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕುರ್ಚಿಯ ಮೇಲೆ ಮಲಗಿದ್ದವನು ಅವನೇ. ಟ್ರಂಕು ಖಾಲಿ ಮಾಡಿದ್ದು ಕೂಡ, ಗೆದ್ದಲು ಹಿಡಿಯುತ್ತದೆ, ಕಂಪ್ಯೂಟರಿನಲ್ಲಿದ್ದರೆ ಶಾಶ್ವತ ಎಂದುಕೊಂಡೇ.

"ತಂಗೀ, ಹಂಸದ್ದೇ ಹಾಕು," ಎಂದರು ನೂರ್ ಅಹಮದ್ ಮೆಲ್ಲಗೆ. "ಒಂಬತ್ತು ದಿನ ಕೂತಿದ್ದ ಅದರ ಮುಂದೆ. ಅದರಲ್ಲಿ ಅವನ ಕೈ ಎಷ್ಟಿದ್ಯೋ ಖುದಾಗೇ ಗೊತ್ತು. ಕಣ್ಣಂತೂ ಇದೆ."

ಅಕ್ಕಯಮ್ಮ ಆ ಕೆನ್ನೀಲಿ ಸೀರೆಯನ್ನು ಕೈಗೆತ್ತಿಕೊಂಡರು. ಅಂಚಿನುದ್ದಕ್ಕೂ ಅಂಗೈಯಗಲದ ಹಂಸಗಳು. ದುಂಡು ಮೈ, ರೆಕ್ಕೆಯ ಮೇಲೆ ಎರಡು ಪುಟ್ಟ ಹೂವು, ಪಕ್ಕಕ್ಕೆ ಬಳುಕಿದ ಕತ್ತು, ಕೆಳಗೆ ಮೂರು ಗೆರೆಯಲ್ಲಿ ನೀರಿನ ಅಲೆ. ನಿಟ್ಟುಸಿರು ಬಿಟ್ಟು ಆದಿನಾರಾಯಣಪ್ಪನ ಕೈಗೆ ಕೊಟ್ಟರು. ಒಪ್ಪಿದ್ದಲ್ಲ, ಸೋತದ್ದು.

ನರೇಶ್ ಮತ್ತು ವಸಂತ್ ಸೀರೆ ಬಿಚ್ಚಿ ಹೊದಿಸಲು ಬಗ್ಗಿದರು.

"ಏಯ್, ಏನ್ ಮಾಡ್ತಿದೀರಿ? ಮದುವೆ ಹೆಣ್ಣಿಗೆ ಉಡಿಸ್ತಿದೀರಾ?" ಆದಿನಾರಾಯಣಪ್ಪ ಗದರಿದರು. "ಸಾವಿನ ಮನೇಲಿ ಎಲ್ಲಾ ತಿರುಗು ಮುರುಗು. ಸುತ್ತೋದು ಎಡಕ್ಕೆ, ಹೊದಿಸೋದು ಉಲ್ಟಾ. ಹಕ್ಕಿ ತಲೆ ಕೆಳಕ್ಕೆ ಬರ್ಬೇಕು. ತಿರುಗಿಸಿ!"

ತಿರುಗಿಸಿದರು. ಹಂಸಗಳು ತಲೆ ಕೆಳಗಾಗಿ ಕೊಂಡಪ್ಪನ ಎದೆಯ ಮೇಲೆ ಸಾಲಾಗಿ ಮಲಗಿದವು.

ಆಗಲೇ ನರೇಶನ ಫೋನು ಹೊಡೆದುಕೊಂಡಿತು. "ಹಲೋ, ಬಾಸ್..." ಎನ್ನುತ್ತ ಅವನು ಮೊಣಕೈ ಎತ್ತಿ ಹೆಣದ ಕಾಲ ಬಳಿ ನಿಂತ.

ನೂರ್ ಅಹಮದ್ ಕೊನೆಯ ಸಲ ನೋಡಲು ಎದ್ದು ಬಂದು ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ತೋರುಬೆರಳಿನಿಂದ ಒಂದು ಹಂಸವನ್ನು ಸವರಿದರು. ತಲೆಯೆತ್ತಿ ನರೇಶನನ್ನು ನೋಡಿದರು, ಮತ್ತೆ ಹಂಸವನ್ನು ನೋಡಿದರು. ಅವರ ಭುಜ ಕುಲುಕಲಾರಂಭಿಸಿತು. ಟವಲಿನಿಂದ ಬಾಯಿ ಮುಚ್ಚಿಕೊಂಡರು.

"ಸಮಾಧಾನ ಮಾಡ್ಕೊಳಿ ಸಾಬ್ರೇ. ಋಣ ಇದ್ದಷ್ಟು," ಎಂದು ಆದಿನಾರಾಯಣಪ್ಪ ಬೆನ್ನು ಸವರಿದರು.

ಟವಲಿನೊಳಗಿಂದ "ಹ್ಹಿ" ಎಂದು ಕೇಳಿತು.

"ನೂರ್ ಮಾಮ, ನಗ್ತಿದೀರಾ?" ಚಂದನ ಸಿಟ್ಟಿನಿಂದ ಎದ್ದು ಬಂದಳು. ಅವರು ಮಾತಾಡಲಾರದೆ ಅಂಚಿನ ಕಡೆ ಬೆರಳು ತೋರಿಸಿದರು. ಅವಳು ನೋಡಿದಳು.

ಹಂಸದ ದುಂಡು ಹೊಟ್ಟೆ ಈಗ ಬೋಳುತಲೆಯಾಗಿತ್ತು. ಹೊಟ್ಟೆಯ ಕೆಳಗಿದ್ದ ಮೂರು ಅಲೆ, ಬೋಳಿನ ಮೇಲೆ ಅಡ್ಡಕ್ಕೆ ಬಾಚಿದ ಮೂರೆಳೆ ಕೂದಲು. ರೆಕ್ಕೆಯ ಎರಡು ಹೂವು ಕಣ್ಣು. ರೆಕ್ಕೆಯ ಗರಿ ದಪ್ಪ ಮೀಸೆ. ಬಳುಕಿದ ಕತ್ತು ಮಡಿಚಿದ ಕೈಯಾಗಿ ಕಿವಿಯ ಹತ್ತಿರ ಹೋಗಿತ್ತು. ಕೊಕ್ಕೇ ಫೋನು.

"ಅಯ್ಯೋ ಅಪ್ಪಾ!" ಎಂದಳು ಚಂದನ. ಅಳುವೋ ನಗುವೋ ತಿಳಿಯದ ದನಿಯಲ್ಲಿ ಅಲ್ಲೇ ಕುಸಿದಳು. ಅಕ್ಕಯಮ್ಮ ಮಗಳನ್ನು ಹಿಡಿಯಲು ಬಂದವರು ಸೀರೆ ನೋಡಿದರು. ಕಾಲ ಬಳಿ ನಿಂತ ಅಳಿಯನನ್ನು ನೋಡಿದರು. ಅಳಿಯ "ಇಲ್ಲ ಬಾಸ್, ಹಂಸ ಸ್ಟಾಕ್ ಇದೆ, ಕಳಿಸ್ತೀನಿ ಬಾಸ್" ಎನ್ನುತ್ತಿದ್ದ.

ಬೀದಿಯ ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿ, ಒಬ್ಬೊಬ್ಬರಾಗಿ ನರೇಶನ ಕಡೆ ತಿರುಗಿದರು.

"ಏನು? ಯಾಕೆಲ್ಲ ನನ್ನೇ ನೋಡ್ತೀರಾ?"

"ಫೋನು ಇಡು. ಬಂದು ನೋಡು," ಎಂದರು ಅಕ್ಕಯಮ್ಮ.

ನರೇಶ್ ಬಗ್ಗಿದ. ನೆರೆದವರ ನಗು ಅಡಗಿತು. ಎಲ್ಲರಿಗೂ ಒಂದೇ ಭಯ: ಇವನೀಗ ಸೀರೆಯನ್ನು ಎಳೆದು ಬಿಸಾಕಿದರೆ? ಅಕ್ಕಯಮ್ಮ ಗಂಡನ ಎದೆಯ ಮೇಲಿನ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಇನ್ನು ಯಾರು ಬಂದು ಕೇಳಿದರೂ ಅದನ್ನು ಬಿಡುವ ಹೆಂಗಸಾಗಿರಲಿಲ್ಲ ಅವರು.

ನರೇಶನ ಕೈ ತಂತಾನೇ ತಲೆಗೆ ಹೋಗಿ ಮೂರೆಳೆಯನ್ನು ಮುಟ್ಟಿತು. ಅಂಚಿನ ಒಂದು ಮುಖದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅವನ ಕಣ್ಣು ಹೋಯಿತು.

"ಮಾವಾ..." ಎಂದ. "ಮಾವಾ, ಆಂಧ್ರದವರೆಗೂ ಕಳಿಸಿದೀನಲ್ಲೋ! ನನ್ನ ಬುರುಡೇನ ನಾನೇ ಪ್ಯಾಕ್ ಮಾಡಿ, ನಾನೇ ಲಾರಿಗೆ ತುಂಬಿ..."

"ಪ್ಯೂರ್ ಎಐ ಅಲ್ವೇನಪ್ಪ?" ಎಂದರು ನೂರ್ ಅಹಮದ್.

ನರೇಶನ ಹೊಟ್ಟೆಯಿಂದ ಹೊರಟ ನಗು ಮೊದಲು ಬಿಕ್ಕಳಿಕೆಯ ಹಾಗೆ ಬಂತು. ಆಮೇಲೆ ತಡೆಯಲಾಗಲಿಲ್ಲ. ಜಗಲಿಯ ಕಂಬ ಹಿಡಿದು ನಕ್ಕ, ಮಾವನ ಕಾಲು ಹಿಡಿದು ನಕ್ಕ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮೂಗು ಸೋರುತ್ತಿತ್ತು.

"ಇದು ಯಾವ ಪದ್ಧತಿನೋ ನನಗಂತೂ ಗೊತ್ತಿಲ್ಲ," ಎಂದು ಆದಿನಾರಾಯಣಪ್ಪ ತಲೆ ಚಚ್ಚಿಕೊಂಡರು. "ಎತ್ರಪ್ಪಾ, ಇನ್ನಾದ್ರೂ ಎತ್ರಪ್ಪಾ!"

"ಎತ್ತಿ," ಎಂದರು ಅಕ್ಕಯಮ್ಮ, ಅಂಚಿನ ಮೇಲಿನಿಂದ ಕೈ ತೆಗೆದು.

ಚಟ್ಟದ ಮುಂದಿನ ಬಲಗಡೆಗೆ ನರೇಶ್ ಹೆಗಲು ಕೊಟ್ಟ. ಚಟ್ಟ ಬೀದಿಗಿಳಿಯಿತು. ಎರಡೂ ಬದಿಯ ಹೊಸ್ತಿಲುಗಳಲ್ಲಿ ಹೆಂಗಸರು ನಿಂತಿದ್ದರು. ಗೌರಿ ಹಬ್ಬಕ್ಕೆ ಹಂಚಿದ ಸೀರೆಯನ್ನೇ ಹಲವರು ದಿನಬಳಕೆಗೆ ಉಟ್ಟಿದ್ದರು. ಕೊಂಡಪ್ಪನ ಚಟ್ಟ ತನ್ನ ಮನೆಯ ಮುಂದೆ ಬರುತ್ತಲೇ ಮೊದಲನೆಯವಳು ಕಣ್ಣೊರೆಸಿಕೊಳ್ಳಲು ಸೆರಗಿನ ಅಂಚನ್ನು ಮುಖಕ್ಕೆತ್ತಿದಳು. ಎತ್ತಿದ ಅಂಚು ತಿರುಗಿತು. ಬೋಳುತಲೆಯವನೊಬ್ಬ ಮೀಸೆಯ ಸಮೇತ ಅವಳ ಕೆನ್ನೆಯ ಪಕ್ಕ ನಿಂತು ಫೋನಿನಲ್ಲಿ ಮಾತಾಡತೊಡಗಿದ. ಪಕ್ಕದ ಹೊಸ್ತಿಲಲ್ಲಿ ಇನ್ನೊಂದು ಸೆರಗು ಮೇಲೇರಿತು. ಎದುರು ಸಾಲಿನಲ್ಲಿ ಮೂರು. ಬೀದಿಯ ಕೊನೆಯವರೆಗೂ ಸೆರಗುಗಳು ಏಳುತ್ತಲೇ ಹೋದವು, ಮತ್ತು ಹೆಗಲ ಮೇಲೆ ಚಟ್ಟ ಹೊತ್ತ ನರೇಶ್, "ಇಲ್ಲೂ ಇದೀನಿ! ಅಯ್ಯೋ, ಅಲ್ಲೂ ಇದೀನಿ ಮಾವಾ!" ಎಂದು ಎಲ್ಲರಿಗಿಂತ ಜೋರಾಗಿ ನಗುತ್ತ ನಡೆದ, ಅವನ ನಗುವಿಗೆ ಚಟ್ಟ ಕುಲುಕಿ, ಮೇಲೆ ಮಲಗಿದ್ದ ಕೊಂಡಪ್ಪನ ಹೊಟ್ಟೆಯೂ ಅಲುಗುತ್ತಿತ್ತು.